ಈಟಿಯ ಹೆಸರು, ಜ್ಞಾನಸ್ನಾನದ ಹೆಸರು

ಗರ್ಟ್ರೂಡ್ ಎಂಬುದನ್ನು ನಾವು ಕ್ರೈಸ್ತ ಹೆಸರೆಂದೇ ಎಣಿಸುತ್ತೇವೆ. ಮಂಗಳೂರಿನ ಕಥೋಲಿಕ ಮನೆಗಳ ಹಳೆಯ ತಲೆಮಾರಿನಲ್ಲಿ ಈ ಹೆಸರಿನ ಅಜ್ಜಿಯಂದಿರು ಅಪರೂಪವಲ್ಲ. ಆದರೆ ಆ ಪದದ ಧಾತುಗಳಲ್ಲಿ ಕ್ರೈಸ್ತವಾದುದು ಏನೂ ಇಲ್ಲ. ಪ್ರಾಚೀನ ಜರ್ಮಾನಿಕ್ ಭಾಷೆಗಳಲ್ಲಿ ‘ಗೇರ್’ ಎಂದರೆ ಈಟಿ, ‘ಥ್ರೂಥ್’ ಎಂದರೆ ಬಲ. ಈ ಎರಡನೆಯ ಪದವೇ ಸ್ಕ್ಯಾಂಡಿನೇವಿಯಾದ ಪುರಾಣಗಳಲ್ಲಿ ಥಾರ್ ದೇವತೆಯ ಮಗಳ ಹೆಸರೂ ಹೌದು. ಆ ಜನಾಂಗಗಳು ಯುದ್ಧದ ಮಾತುಗಳನ್ನು ಜೋಡಿಸಿ ಹೆಣ್ಣುಮಕ್ಕಳಿಗೂ ಹೆಸರಿಡುತ್ತಿದ್ದವು. ಹಿಲ್ಡೆಗಾರ್ಡ್, ಮಟಿಲ್ಡಾ ಎಂಬಲ್ಲಿಯೂ ‘ಕದನ’ ಎಂಬರ್ಥದ ಪದ ಅಡಗಿದೆ.

ಈ ಹೆಸರಿಗೆ ಹೊಸ ಅರ್ಥ ತಂದವರು ಅದನ್ನು ಧರಿಸಿ ಬಾಳಿದ ಸ್ತ್ರೀಯರು. ಫ್ರಾಂಕರ ಅರಮನೆಯ ಮುಖ್ಯಾಧಿಕಾರಿ ಪಿಪ್ಪಿನನಿಗೆ ಸುಮಾರು 626ರಲ್ಲಿ ಒಬ್ಬ ಮಗಳು ಜನಿಸಿದಳು. ರಾಜ ಡಾಗೊಬೆರ್ಟನ ಸಮ್ಮುಖದಲ್ಲಿ ಬಂದ ವಿವಾಹಪ್ರಸ್ತಾಪವನ್ನು, ಕ್ರಿಸ್ತರ ಹೊರತು ತನಗೆ ಬೇರೆ ವರನಿಲ್ಲವೆಂದು ಬಾಲೆಯಾಗಿದ್ದಾಗಲೇ ಆಕೆ ನಿರಾಕರಿಸಿದಳೆಂದು ಅವರ ಪ್ರಾಚೀನ ಚರಿತೆ ಹೇಳುತ್ತದೆ. ತಾಯಿ ಇಟ್ಟಾ ಈಗಿನ ಬೆಲ್ಜಿಯಂನ ನಿವೆಲ್‌ನಲ್ಲಿ ಸ್ಥಾಪಿಸಿದ ಮಠಕ್ಕೆ ಮುಖ್ಯಸ್ಥೆಯಾಗಿ, ರೋಮಿನಿಂದ ಪವಿತ್ರ ಗ್ರಂಥಗಳನ್ನು ತರಿಸಿ, ಐರ್ಲೆಂಡಿನ ಸನ್ಯಾಸಿಗಳಿಗೆ ಆಶ್ರಯವಿತ್ತು, 659ರ ಮಾರ್ಚ್ 17ರಂದು ನಿಧನರಾದ ಸಂತ ಗರ್ಟ್ರೂಡ್ ಇವರೇ.

ಆರು ಶತಮಾನಗಳ ತರುವಾಯ ಹೆಲ್ಫ್ತಾದ ಕನ್ಯಾಮಠದಲ್ಲಿ ಈ ಹೆಸರಿನ ಇಬ್ಬರು ಏಕಕಾಲಕ್ಕೆ ಇದ್ದರು: ಮಠಾಧ್ಯಕ್ಷೆ ಹಾಕೆಬೋರ್ನಿನ ಗರ್ಟ್ರೂಡ್, ಮತ್ತು ಐದನೆಯ ವಯಸ್ಸಿಗೇ ಮಠ ಸೇರಿದ, 1256ರಲ್ಲಿ ಜನಿಸಿದ ಅನುಭಾವಿ ಗರ್ಟ್ರೂಡ್. ಮುಂದಿನವರು ಇಬ್ಬರನ್ನೂ ಒಬ್ಬರೆಂದೇ ಭ್ರಮಿಸಿದುದರಿಂದ, ಎಂದೂ ಅಧ್ಯಕ್ಷೆಯಾಗದ ಅನುಭಾವಿಯ ಕೈಗೆ ಚಿತ್ರಕಾರರು ಅಧಿಕಾರದಂಡವನ್ನು ಕೊಟ್ಟರು! ಅಷ್ಟರಲ್ಲಿ ಹೆಸರಿನ ಉತ್ತರಾರ್ಧವು ‘ಪ್ರಿಯ’ ಎಂಬರ್ಥದ ‘ತ್ರೂತ್’ ಪದದಂತೆಯೂ ಕೇಳಿಸುತ್ತಿತ್ತು. ಯೇಸುವಿನ ಹೃದಯದ ಭಕ್ತೆಗೆ ಈಟಿಯ ಹೆಸರು ಒದಗಿದುದನ್ನು ಕಂಡಾಗ ಯೊವಾನ್ನರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯ ನಮಗೆ ನೆನಪಾಗುತ್ತದೆ. ಇದು ಧ್ಯಾನವೇ ಹೊರತು ವ್ಯುತ್ಪತ್ತಿಯಲ್ಲ.

ಮಗುವಿಗೆ ಕನ್ನಡದ ಹೆಸರು ಇಡಬಹುದೇ ಎಂದು ಅಳುಕುತ್ತ ಕೇಳುವ ತಂದೆತಾಯಿಯರನ್ನು ನಾವು ಕಂಡಿದ್ದೇವೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 855ನೆಯ ನಿಯಮ, ಕ್ರೈಸ್ತ ಮನೋಭಾವಕ್ಕೆ ಹೊರತಾದ ಹೆಸರು ಬೇಡವೆಂದಷ್ಟೇ ಹೇಳುತ್ತದೆ. 1917ರ ಸಂಹಿತೆ ಬಿಗಿಯಾಗಿತ್ತು: ಕ್ರೈಸ್ತ ಹೆಸರನ್ನೇ ಇಡಬೇಕು, ಆಗದಿದ್ದರೆ ಸಂತರೊಬ್ಬರ ಹೆಸರನ್ನು ಸೇರಿಸಿ ಎರಡನ್ನೂ ದಾಖಲಿಸಬೇಕು. ಆ ನಿಯಮ ಏಳನೆಯ ಶತಮಾನದಲ್ಲಿ ಇದ್ದಿದ್ದರೆ, ಪಿಪ್ಪಿನನ ಮಗಳ ಹೆಸರಿನ ಪಕ್ಕದಲ್ಲಿಯೂ ಬೇರೊಂದು ಹೆಸರನ್ನು ಬರೆಯಬೇಕಾಗುತ್ತಿತ್ತು.