ಕಣ್ಣಿಲ್ಲದ ಹನ್ನೊಂದು ಮರಿಗಳು

ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದರೆ ಕೂಸಿಗೆ ಊನವಾಗುವುದೆಂಬ ಅಂಜಿಕೆ ನಮ್ಮ ಮನೆಗಳಲ್ಲಿ ಹಳೆಯದು. ಊನವುಳ್ಳ ಮಗು ಹುಟ್ಟಿದರೆ ಗ್ರಹಗತಿಯನ್ನೋ ಪೂರ್ವಕರ್ಮವನ್ನೋ ತಾಯಿಯ ಮನೆತನವನ್ನೋ ದೂರುವವರು ಇಂದಿಗೂ ಉಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜ್ಞಾನಿಗಳಲ್ಲೂ ಬಹುಮಂದಿ ಇಂಥದನ್ನು ವಂಶದೋಷವೆಂದೇ ಎಣಿಸುತ್ತಿದ್ದರು. ತಾಯಿ ಎಷ್ಟೇ ಸೊರಗಿದರೂ ಗರ್ಭದಲ್ಲಿರುವ ಕೂಸು ತನಗೆ ಬೇಕಾದುದನ್ನು ಅವಳ ಮೈಯಿಂದ ಹೀರಿಕೊಳ್ಳುತ್ತದೆ ಎಂದು ಅವರು ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದ ಹಂದಿಯ ಕೊಟ್ಟಿಗೆ.

ಮೊದಲ ಸುಳಿವು ಮೊಂಟಾನಾ ಸೀಮೆಯಿಂದ ಬಂತು. ಅಲ್ಲಿ ಹಂದಿಗಳು ದಿನ ತುಂಬಿದ ಮೇಲೂ ಈಯದೆ, ಕಡೆಗೆ ಮೈಮೇಲೆ ಕೂದಲೇ ಇಲ್ಲದ ಮರಿಗಳನ್ನು ಈಯುತ್ತಿದ್ದುವು. ಮರಿಗಳ ಗಂಟಲಿನ ಥೈರಾಯ್ಡ್ ಗ್ರಂಥಿ ಊದಿರುತ್ತಿತ್ತು. ಹುಟ್ಟಿದ ಸ್ವಲ್ಪ ಹೊತ್ತಿಗೇ ಅವು ಸಾಯುತ್ತಿದ್ದುವು. ಆ ನೆಲದಲ್ಲಿ ಅಯೋಡಿನ್ನಿನ ಕೊರತೆಯೇ ಇದಕ್ಕೆ ಕಾರಣವೆಂದು 1917ರ ಸುಮಾರಿಗೆ ತಿಳಿದುಬಂತು. ಗಬ್ಬದ ಹಂದಿಯ ಮೇವಿಗೆ ತುಸು ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದರೆ ಸಾಕಾಯಿತು.

ಇನ್ನೂ ಸ್ಪಷ್ಟವಾದ ಸಾಕ್ಷ್ಯ ಟೆಕ್ಸಾಸ್‌ನಲ್ಲಿ ದೊರೆಯಿತು. ಅಲ್ಲಿನ ಕೃಷಿ ಪ್ರಯೋಗ ಕೇಂದ್ರದ ಫ್ರೆಡ್ ಹೇಲ್ ಎಂಬಾತ ಒಂದು ಹೆಣ್ಣು ಹಂದಿಗೆ, ಗಂಡಿನೊಡನೆ ಕೂಡಿಸುವುದಕ್ಕೆ 160 ದಿನ ಮುಂಚಿನಿಂದ, ಗಬ್ಬ ನಿಂತ ಮೇಲೆ 30 ದಿನಗಳವರೆಗೂ ‘ಎ’ ಜೀವಸತ್ತ್ವವಿಲ್ಲದ ಮೇವು ಹಾಕಿದನು. ಒಂದೇ ಸೂಲಿನಲ್ಲಿ ಹನ್ನೊಂದು ಮರಿ ಹುಟ್ಟಿದುವು. ಹನ್ನೊಂದಕ್ಕೂ ಕಣ್ಣುಗುಡ್ಡೆಗಳಿರಲಿಲ್ಲ! 1933ರಲ್ಲಿ ಈ ವರದಿ ಅಚ್ಚಾಯಿತು.

ಇದೂ ವಂಶದೋಷವೇ ಇರಬಾರದೇಕೆ ಎಂದು ಯಾರಾದರೂ ಕೇಳಬಹುದಾಗಿತ್ತು. ಹೇಲ್ ಅದನ್ನೂ ಪರೀಕ್ಷಿಸಿದನು. ಕುರುಡು ಹಂದಿಗಳಿಗೆ ಸತ್ತ್ವವುಳ್ಳ ಮೇವು ಕೊಟ್ಟು, ಅವುಗಳಿಂದಲೇ ತಳಿ ಬೆಳೆಸಿದನು. ಹುಟ್ಟಿದ ಮರಿಗಳಿಗೆ ಕಣ್ಣು ಸರಿಯಾಗಿದ್ದುವು. ವಂಶ ಅದೇ, ರಕ್ತ ಅದೇ. ಬದಲಾದದ್ದು ಬಾನಿಯೊಳಗಿನ ಮೇವು ಮಾತ್ರ.

160 ದಿನ ಮುಂಚಿನಿಂದಲೇ ಏಕೆ? ‘ಎ’ ಜೀವಸತ್ತ್ವವು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂಡಿರುತ್ತದೆ. ಆ ಗಂಟು ಕರಗಬೇಕಾದರೆ ಕಾಲ ಹಿಡಿಯುತ್ತದೆ. ಹಂದಿಯ ಗಬ್ಬದ ಅವಧಿ ಸುಮಾರು 114 ದಿನ. ಕಣ್ಣು ರೂಪುಗೊಳ್ಳಲು ತೊಡಗುವುದು ಮೊದಲ ಕೆಲವು ವಾರಗಳಲ್ಲಿ. ಆ ವೇಳೆ ತಪ್ಪಿದರೆ ಆಮೇಲೆ ಹಸಿರು ಹುಲ್ಲನ್ನೋ ಮೀನೆಣ್ಣೆಯನ್ನೋ ಎಷ್ಟು ಕೊಟ್ಟರೂ ಇಲ್ಲದ ಕಣ್ಣು ಮೂಡದು. ಅಟ್ಟ ಮೇಲೆ ಒಲೆ ಉರಿದಂತೆಯೇ ಸರಿ.

ಹೇಲ್ ತೋರಿದ ಹಾದಿಯಲ್ಲಿ ಮತ್ತೆ ಕೆಲವರು ನಡೆದರು. 1940ರಲ್ಲಿ ಜೋಸೆಫ್ ವಾರ್ಕನಿ ಮತ್ತು ಸಂಗಡಿಗರು, ತಾಯಿಯ ಆಹಾರದಲ್ಲಿ ಕೊರತೆಯಾದರೆ ಇಲಿಮರಿಗಳ ಮೂಳೆಗಳೇ ವಿಕಾರವಾಗುವುದೆಂದು ತೋರಿಸಿದರು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆಯು, ಗರ್ಭ ನಿಲ್ಲುವುದಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಶಿಶುವಿನ ಬೆನ್ನುಹುರಿಯ ಊನಗಳು ಬಹಳಮಟ್ಟಿಗೆ ತಪ್ಪುವುದೆಂದು ಮನುಷ್ಯರಲ್ಲಿಯೇ ರುಜುಪಡಿಸಿತು.

ಆದರೆ ಸತ್ತ್ವವೆಂದು ಹೇರಳವಾಗಿ ನುಂಗುವುದೂ ತರವಲ್ಲ. ‘ಎ’ ಜೀವಸತ್ತ್ವ ಅತಿಯಾದರೂ ಗರ್ಭದ ಮರಿ ವಿಕಾರವಾಗುವುದು 1953ರಲ್ಲಿ ಇಲಿಗಳಲ್ಲಿ ಕಂಡುಬಂತು. ಆದುದರಿಂದ ಬಸುರಿಯರು ವೈದ್ಯರನ್ನು ಕೇಳದೆ ಇಂಥ ಗುಳಿಗೆ ಸೇವಿಸಬಾರದು.

ಹುಟ್ಟಿನ ಊನಗಳೆಲ್ಲ ಆಹಾರದಿಂದಲೇ ಬರುತ್ತವೆಂದಲ್ಲ. ವಂಶದಿಂದ ಬರುವುವೂ ಉಂಟು, ರೋಗದಿಂದ ಬರುವುವೂ ಉಂಟು. ಆದರೆ ಹಣೆಬರಹವೆಂದು ಕೈಚೆಲ್ಲಿ ಕುಳಿತಿದ್ದ ಕಡೆ ತಪ್ಪಿಸಬಹುದಾದ ಕಾರಣವನ್ನು ಹುಡುಕುವ ಧೈರ್ಯವನ್ನು ಮನುಷ್ಯನಿಗೆ ಕೊಟ್ಟವು ಕಣ್ಣಿಲ್ಲದ ಆ ಹನ್ನೊಂದು ಮರಿಗಳು. ನಾವು ಹೀನವೆಂದು ದೂರವಿಡುವ ಪ್ರಾಣಿಯ ಋಣ ನಮ್ಮ ತೊಟ್ಟಿಲುಗಳ ಮೇಲೆ ಇಷ್ಟಿದೆ.