ಆಸ್ಪತ್ರೆ ನೌಕರರು ಎಡವಿ ಬಿದ್ದರೆ: ಕಾರಣ, ತಡೆ, ಪರಿಹಾರ

ಆಸ್ಪತ್ರೆಯಲ್ಲಿ ಬೀಳುವವರು ರೋಗಿಗಳು ಮಾತ್ರ ಎಂಬುದು ತಪ್ಪು ಕಲ್ಪನೆ. ನರ್ಸ್, ಆಯಾ, ವಾರ್ಡ್ ಬಾಯ್, ಅಡುಗೆಯವರು, ನೆಲ ಒರೆಸುವವರು ಎಲ್ಲರೂ ಬೀಳುತ್ತಾರೆ. 2010ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದು ಹೊರತಂದ ಕೈಪಿಡಿಯ ಪ್ರಕಾರ, ಸಮನೆಲದಲ್ಲೇ ಜಾರಿ ಅಥವಾ ಎಡವಿ ಬಿದ್ದು ರಜೆ ಹಾಕಬೇಕಾದವರು ಅಲ್ಲಿನ ಆಸ್ಪತ್ರೆಗಳಲ್ಲಿ 10,000 ನೌಕರರಿಗೆ 38.2 ಮಂದಿ. ಉಳಿದ ಖಾಸಗಿ ಉದ್ಯಮಗಳಲ್ಲಿ ಈ ಸಂಖ್ಯೆ 20.1.

ಜಾರುವುದು ಬೇರೆ, ಎಡವುವುದು ಬೇರೆ. ಫಿನಾಯಿಲ್ ನೀರು, ಚೆಲ್ಲಿದ ಗಂಜಿ, ಮಳೆಗಾಲದಲ್ಲಿ ಬಾಗಿಲ ಬಳಿ ಕೊಡೆಯಿಂದ ಸೋರಿದ ನೀರು, ಇವುಗಳ ಮೇಲೆ ಜಾರಿದವರು ಹೆಚ್ಚಾಗಿ ಹಿಂದಕ್ಕೆ ಬೀಳುತ್ತಾರೆ; ಸೊಂಟ, ತಲೆಗೆ ಪೆಟ್ಟು. ಮಂಚದ ಕೆಳಗಿನ ವಯರು, ಆಕ್ಸಿಜನ್ ಟ್ಯೂಬು, ಹೊಸ್ತಿಲು, ಒಡೆದ ಟೈಲ್ಸಿಗೆ ಎಡವಿದವರು ಮುಂದಕ್ಕೆ ಬಿದ್ದು ಕೈ ಊರುತ್ತಾರೆ. ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಸವೆದ ಹವಾಯಿ ಚಪ್ಪಲಿಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಎರಡೂ ಅಪಾಯ. ನೆಲವನ್ನು ಅರ್ಧರ್ಧವಾಗಿ ಒರೆಸಿ ಒಣಗಿದ ಬದಿಯಲ್ಲಿ ನಡೆಯಲು ಬಿಡುವುದು, ಜಾರದ ಅಟ್ಟೆಯ ಪಾದರಕ್ಷೆ ಕೊಡುವುದು ಹೆಚ್ಚು ಖರ್ಚಿನ ಕೆಲಸವೇನಲ್ಲ. ಇಂತಹ ಕ್ರಮ ಕೈಗೊಂಡ ಅಮೆರಿಕದ ಮೂರು ಆಸ್ಪತ್ರೆಗಳಲ್ಲಿ ಪರಿಹಾರದ ಅರ್ಜಿಗಳು ಅರ್ಧಕ್ಕಿಂತ ಕಡಿಮೆಯಾದವು.

ಪರಿಹಾರದ ವಿಚಾರ: 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆಗಳ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಇಎಸ್‌ಐ ಇದ್ದವರಿಗೆ ಚಿಕಿತ್ಸೆಯ ಜೊತೆಗೆ, ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಸುಮಾರು ಶೇ. 90 ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ ಮೂರು ದಿನಕ್ಕೂ ಹೆಚ್ಚು ಕಾಲ ಕೆಲಸ ತಪ್ಪಿಸುವ ಗಾಯವಾದರೆ ಮಾಲೀಕರೇ ಪರಿಹಾರ ಕೊಡಬೇಕು. ಎರಡನ್ನೂ ಪಡೆಯುವಂತಿಲ್ಲ. ಗುತ್ತಿಗೆ ನೌಕರರು "ಕಂಟ್ರಾಕ್ಟರನ್ನು ಕೇಳಿ" ಎಂಬ ಮಾತಿಗೆ ಹಿಂಜರಿಯಬೇಕಾಗಿಲ್ಲ, ಅವರಿಗೆ ಆಸ್ಪತ್ರೆಯೂ ಹೊಣೆ.

ಮಂಜೇಶ್ವರ, ಕುಂಬಳೆ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ದಿನಾ ಹೋಗಿಬರುವವರು ಗಮನಿಸಬೇಕಾದ ಅಂಶ ಬೇರೊಂದಿದೆ. ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಕೊಡಬೇಕೆಂದಿಲ್ಲ, ನೌಕರ ವಾಸವಿರುವ ಪ್ರದೇಶದ ಅಧಿಕಾರಿಯ ಮುಂದೆಯೂ ಸಲ್ಲಿಸಬಹುದು. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತಕ್ಕೂ, ಅದಕ್ಕೆ ಕೆಲಸದೊಡನೆ ಸಂಬಂಧ ತೋರಿಸಿದರೆ, ಸಂಹಿತೆ ಅನ್ವಯಿಸುತ್ತದೆ.

ಅರ್ಜಿ ಸೋಲುವುದು ಹೆಚ್ಚಾಗಿ ಕಾಗದದಲ್ಲಿ. "ಕಾಲು ಉಳುಕಿದೆ ಅಷ್ಟೆ" ಎಂದು ಸುಮ್ಮನಾದವರಿಗೆ ವಾರದ ನಂತರ ಎಕ್ಸ್‌ರೇಯಲ್ಲಿ ಬಿರುಕು ಕಂಡರೆ, ಡ್ಯೂಟಿಯಲ್ಲಿ ಬಿದ್ದದ್ದಕ್ಕೆ ಸಾಕ್ಷಿ ಉಳಿದಿರುವುದಿಲ್ಲ. ಬಿದ್ದ ದಿನವೇ ಅಪಘಾತ ರಿಜಿಸ್ಟರಿನಲ್ಲಿ ಹೊತ್ತು, ಜಾಗ, ಕಂಡವರ ಹೆಸರು ಬರೆಸಬೇಕು. ವೈದ್ಯರ ಚೀಟಿಯಲ್ಲಿ "ಕೆಲಸದ ವೇಳೆ ಬಿದ್ದು" ಎಂದು ನಮೂದಾಗಿದೆಯೇ ಎಂದು ಓದಿಸಿ ನೋಡಿ, ಪ್ರತಿ ಇಟ್ಟುಕೊಳ್ಳಬೇಕು.