ಕಾರ್ತಾಜ್ ಇಲ್ಲದ ಹಡಗು: ಅರಬ್ಬಿ ಸಮುದ್ರದಲ್ಲಿ ಮುಟ್ಟುಗೋಲಿನ ಚರಿತ್ರೆ

ಪೋರ್ಚುಗೀಸರು ಬರುವ ಮೊದಲು ಪಶ್ಚಿಮ ಕರಾವಳಿಯ ವರ್ತಕ ಬಂದರಿನ ಒಡೆಯನಿಗೆ ಸುಂಕ ಕೊಟ್ಟರೆ ಅವನ ಹೊಣೆ ಮುಗಿಯುತ್ತಿತ್ತು. ಕಡಲ್ಗಳ್ಳರ ಭಯವಿತ್ತು, ನಿಜ. ಆದರೆ ನಡುಗಡಲಿನಲ್ಲಿ ಹಡಗು ತಡೆದು ಕಾಗದ ಕೇಳುವ ದೊರೆ ಇರಲಿಲ್ಲ. 1502ರ ಸುಮಾರಿಗೆ ಮಲಬಾರಿನಲ್ಲಿ ಪೋರ್ಚುಗೀಸರು ಶುರುಮಾಡಿದ ‘ಕಾರ್ತಾಜ್’ ಎಂಬ ಪರವಾನಗಿ ಈ ಸ್ಥಿತಿಯನ್ನು ಬದಲಿಸಿತು.

ಹಡಗಿನ ಗಾತ್ರ, ನಾಖುದನ (ಹಡಗಿನ ನಾಯಕನ) ಹೆಸರು, ಆಯುಧಗಳು, ಹೋಗುವ ಬಂದರು ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಕಾಳುಮೆಣಸು, ಯುದ್ಧಸಾಮಗ್ರಿ ಮುಂತಾದವನ್ನು ಸಾಗಿಸುವುದಕ್ಕೆ ನಿಷೇಧವಿತ್ತು. ಕಾಗದಕ್ಕೆ ಕೊಡಬೇಕಾದ ಹಣ ಅಲ್ಪ. ನಿಜವಾದ ಹೊರೆ ಇದ್ದದ್ದು ಪೋರ್ಚುಗೀಸರ ಹಿಡಿತದ ಗೋವಾ, ದೀವ್, ಹೊರ್ಮುಜ್‌ನಂಥ ಬಂದರಿಗೆ ಹೋಗಿ ಸುಂಕ ಕಟ್ಟಲೇಬೇಕೆಂಬ ಷರತ್ತಿನಲ್ಲಿ. ಕಾರ್ತಾಜ್ ಇಲ್ಲದಿದ್ದರೆ, ಅಥವಾ ಅದರ ಷರತ್ತು ಮೀರಿದರೆ, ಹಡಗು ಮತ್ತು ಸರಕು ಮುಟ್ಟುಗೋಲು. ಹಡಗಿನಲ್ಲಿದ್ದವರಿಗೆ ಸೆರೆ, ಗುಲಾಮಗಿರಿ, ಕೆಲವೊಮ್ಮೆ ಸಾವು. 16ನೇ ಶತಮಾನದಲ್ಲಿ ಮಲಬಾರಿನ ಪೊನ್ನಾನಿಯ ಮುಸ್ಲಿಂ ವಿದ್ವಾಂಸ ಜೈನುದ್ದೀನ್ ಮಖ್ದೂಮ್ ತನ್ನ ‘ತುಹ್ಫತುಲ್ ಮುಜಾಹಿದೀನ್’ ಗ್ರಂಥದಲ್ಲಿ ಈ ದಂಡನೆಯನ್ನು ದಾಖಲಿಸಿದ್ದಾನೆ. ಶಿಕ್ಷೆಗೊಳಗಾದ ಸಮುದಾಯದ ಒಳಗಿನಿಂದಲೇ ಬಂದ ಸಾಕ್ಷ್ಯ ಅದು; ಲಿಸ್ಬನ್ನಿನ ಕಡತಗಳಷ್ಟೇ ತೂಕ ಅದಕ್ಕೂ ಸಲ್ಲಬೇಕು.

ಇದನ್ನು ಕಾನೂನು ಎನ್ನಬಹುದೇ? ಸಮುದ್ರ ಎಲ್ಲರದೆಂಬ ನಿಯಮ ಯುರೋಪಿನ ಕ್ರೈಸ್ತರಿಗಷ್ಟೇ ಅನ್ವಯಿಸುತ್ತದೆ ಎಂದು ಪೋರ್ಚುಗೀಸ್ ಚರಿತ್ರಕಾರ ಜೊವಾವ್ ದ ಬಾರೋಸ್ ಸಮರ್ಥಿಸಿದ. ಡಚ್ ನ್ಯಾಯವೇತ್ತ ಗ್ರೋಷಿಯಸ್ 1609ರಲ್ಲಿ ಪೋರ್ಚುಗೀಸರ ಈ ಹಕ್ಕನ್ನು ಅಲ್ಲಗಳೆದ. 1625ರಲ್ಲಿ ಪೋರ್ಚುಗೀಸರ ಪರವಾಗಿ ವಿದ್ವಾಂಸ ಫ್ರೇಯ್ತಸ್ ಅವನಿಗೆ ಉತ್ತರ ಬರೆದ. ಈ ವಾದದಲ್ಲಿ ಬಸ್ರೂರಿನ ಅಥವಾ ಕಲ್ಲಿಕೋಟೆಯ ವರ್ತಕನ ಮಾತಿಗೆ ಜಾಗವಿರಲಿಲ್ಲ. ಹಿಡಿದ ಸರಕಿನಲ್ಲಿ ಹಿಡಿದವರಿಗೂ ಪಾಲಿತ್ತು. ತಪ್ಪು ನಿರ್ಧರಿಸುವವನೇ ದಂಡದಿಂದ ಲಾಭ ಪಡೆಯುವ ವ್ಯವಸ್ಥೆಯನ್ನು ನಾನು ನ್ಯಾಯವೆಂದು ಕರೆಯಲಾರೆ.

ಕನ್ನಡ ಕರಾವಳಿಯ ಕಥೆ ಇನ್ನೂ ಜಟಿಲ. ಗೋವಾದ ಊಟಕ್ಕೆ ಇಲ್ಲಿನ ಅಕ್ಕಿ ಬೇಕಿತ್ತು. 1568–69ರಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರುಗಳನ್ನು ಪೋರ್ಚುಗೀಸರು ಹಿಡಿದದ್ದಕ್ಕೆ ಅದೂ ಒಂದು ಕಾರಣ. ಅಕ್ಕಿಯ ಪಡಾವುಗಳನ್ನು ಸುಟ್ಟರೆ ಹಸಿವು ತಮ್ಮ ಮನೆಗೇ ಬರುತ್ತದೆಂಬುದು ಅವರಿಗೂ ಗೊತ್ತಿತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅಲ್ಲಿನ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಕೋಟೆ ಹೋದರೂ ಕಡಲಿನ ಮೇಲೆ ಕಾರ್ತಾಜ್ ಉಳಿಯಿತು.

ಕಾಗದವಿದ್ದರೂ ರಕ್ಷಣೆಯ ಭರವಸೆ ಇರಲಿಲ್ಲ. 1613ರಲ್ಲಿ ಪೋರ್ಚುಗೀಸರು ಮೊಘಲ್ ಬಾದಶಹ ಜಹಾಂಗೀರನ ತಾಯಿ ಮರಿಯಂ ಉಜ್ಜಮಾನಿಯ ‘ರಹೀಮಿ’ ಹಡಗನ್ನು, ಅದರ ಬಳಿ ಕಾರ್ತಾಜ್ ಇದ್ದಾಗಲೇ, ಸೂರತ್ ಬಳಿ ಹಿಡಿದು ಗೋವಾಕ್ಕೆ ಒಯ್ದರು. ಬಾದಶಹ ದಮನ್‌ಗೆ ಮುತ್ತಿಗೆ ಹಾಕಿಸಿದ. ಆ ಶಕ್ತಿ ಸಾಮಾನ್ಯ ನಾಖುದನಿಗೆ ಎಲ್ಲಿಂದ ಬರಬೇಕು?

ಕಾಗದ ಕೇಳಿದವರು ಪೋರ್ಚುಗೀಸರಷ್ಟೇ ಅಲ್ಲ. 18ನೇ ಶತಮಾನದ ಆರಂಭದಲ್ಲಿ ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ಕೊಂಕಣದ ಕಡಲಿನಲ್ಲಿ ತನ್ನದೇ ಪರವಾನಗಿಯಾದ ದಸ್ತಕ್ ಕಡ್ಡಾಯ ಮಾಡಿ, ಇಲ್ಲದ ಹಡಗುಗಳನ್ನು ಹಿಡಿದ. ಇಂಗ್ಲಿಷರು ಅವನನ್ನು ಕಡಲ್ಗಳ್ಳನೆಂದರು. ಅದೇ ಕಾಲದಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯೂ ಭಾರತೀಯ ಹಡಗುಗಳಿಗೆ ಪಾಸು ಕೊಡುತ್ತಿತ್ತು.